ನೀಲಿ ನೋಡುವ ಕೆಲಸಕ್ಕೆ ಸಂಬಳವೆಷ್ಟು

ಸಂಬಳದ ಮಾತಾಡುವ ಮೊದಲು ಕೆಲಸಕ್ಕೆ ಅಂಕ ಕೊಡೋಣ ಎಂದವಳು ನಾನೇ. ಬೇರೆ ಯಾರ ಮೇಲೂ ತಪ್ಪು ಹೊರಿಸುವ ಹಾಗಿಲ್ಲ. ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಲೇತ್ ಯಂತ್ರ ತಯಾರಿಸುವ ಕಾರ್ಖಾನೆಯೊಂದರಲ್ಲಿ ನಾನು ಸಿಬ್ಬಂದಿ ಅಧಿಕಾರಿ. ಹಳೆಯ ವೇತನ ಒಪ್ಪಂದದ ಅವಧಿ ಮುಗಿದಿತ್ತು. ಎಲ್ಲರಿಗೂ ಒಂದೇ ಸಮ ಏರಿಸಿ ಅಂತ ಯೂನಿಯನ್ನಿನವರು. ಮಾರುಕಟ್ಟೆಯಲ್ಲಿ ಯಾವ ಕೆಲಸಕ್ಕೆ ಬೆಲೆಯಿದೆಯೋ ಅದಕ್ಕೆ ಮಾತ್ರ ಏರಿಸುತ್ತೇವೆ ಅಂತ ಆಡಳಿತದವರು. ಈ ಜಗ್ಗಾಟ ನೋಡಿ ನೋಡಿ ಸಾಕಾಗಿ, ಪ್ರತಿ ಹುದ್ದೆಗೂ ನೂರಕ್ಕೆ ಇಂತಿಷ್ಟು ಅಂತ ಅಂಕ ಹಾಕೋಣ, ಅಂಕದ ಮೇಲೆ ಮೂರು ದರ್ಜೆ ಮಾಡೋಣ, ದರ್ಜೆಗೆ ತಕ್ಕ ಸಂಬಳ ಕೊಡೋಣ ಅಂದೆ. ಇಬ್ಬರೂ ಒಪ್ಪಿಕೊಂಡರು. ನನಗೋ ಏನೋ ಸಾಧಿಸಿಬಿಟ್ಟೆ ಅನ್ನುವ ಜಂಬ.

ಮೊದಲು ಮೈಸೂರಿನಲ್ಲೂ ಬೆಂಗಳೂರಿನಲ್ಲೂ ನಮ್ಮಂಥದೇ ಯಂತ್ರ ಮಾಡುವ ಕಾರ್ಖಾನೆಗಳಿಗೆ ಹೋಗಿ, ಅಲ್ಲಿನ ಸಿಬ್ಬಂದಿ ಅಧಿಕಾರಿಗಳ ಜೊತೆ ಕೂತು ಸಂಬಳದ ಪಟ್ಟಿ ನೋಡಿದೆ. ಎಲ್ಲ ಕಡೆಯೂ ಒಂದೇ ಕಥೆ. ಕಂಪ್ಯೂಟರಿನ ಲೆಕ್ಕದಲ್ಲಿ ಓಡುವ ಸಿಎನ್‌ಸಿ ಯಂತ್ರ ನಡೆಸುವ ಹುಡುಗರ ಸಂಬಳ ವರ್ಷವರ್ಷವೂ ಏರುತ್ತಿದೆ, ಯಾಕೆಂದರೆ ಏರಿಸದಿದ್ದರೆ ಪಕ್ಕದ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯವರು ಎತ್ತಿಕೊಂಡು ಹೋಗುತ್ತಾರೆ. ಏರಿಕೆಯನ್ನು ಮೂಲವೇತನಕ್ಕೆ ಸೇರಿಸುವುದಿಲ್ಲ. ಹಾಜರಿ ಭತ್ಯೆ, ಉತ್ಪಾದನಾ ಭತ್ಯೆ ಅಂತ ಬೇರೆ ಬೇರೆ ಹೆಸರಿಟ್ಟು ಕೊಡುತ್ತಾರೆ. ಹೊಸಬರು ಬರುವುದು ಗುತ್ತಿಗೆದಾರರ ಬಾಗಿಲಿನಿಂದ. ಇನ್ನು ಕೈಯಲ್ಲೇ ಮಾಡುವ ಹಳೆಯ ಕೆಲಸಗಳಿಗೆ ಬಂದರೆ, ಕೆಲವು ಪಟ್ಟಿಯಲ್ಲಿ ಅವು ತಳದಲ್ಲಿದ್ದವು, ಕೆಲವುಗಳಲ್ಲಿ ಇರಲೇ ಇಲ್ಲ. ನಾನೂ ಅದನ್ನು ಹಾಗೇ ಗುರುತು ಹಾಕಿಕೊಂಡು ಬಂದೆ. ಯಾಕೆ ಇಲ್ಲ ಅಂತ ಕೇಳಬೇಕೆಂದು ಹೊಳೆಯಲೇ ಇಲ್ಲ.

ಆಮೇಲೆ ಪ್ರತಿಯೊಬ್ಬರಿಗೂ ಎರಡು ಹಾಳೆಯ ಫಾರಂ ಹಂಚಿದೆ. ನಿಮ್ಮ ಕೆಲಸವೇನು, ಕಲಿಯಲು ಎಷ್ಟು ಕಾಲ ಬೇಕು, ತಪ್ಪಾದರೆ ಏನಾಗುತ್ತದೆ, ಕಷ್ಟಗಳೇನು. ಸಿಎನ್‌ಸಿ ವಿಭಾಗದವರು ಜಾಗ ಸಾಲದೆ ಹಿಂಬದಿಯಲ್ಲೂ ಬರೆದರು. ಸ್ಟೋರ್ಸಿನವರೊಬ್ಬರು ಕಷ್ಟಗಳ ಕಾಲಮ್ಮಿನಲ್ಲಿ ನನ್ನ ಹೆಸರನ್ನೇ ಬರೆದಿದ್ದರು. ಸ್ಕ್ರೇಪಿಂಗ್ ಮಾಡುವ ಮೇಸ್ತ್ರಿಯ ಫಾರಂ ಎಲ್ಲಕ್ಕಿಂತ ಚಿಕ್ಕದು. ಕೆಲಸ: ಉಜ್ಜೋದು. ಕಲಿಯಲು: ಬೇಗ ಬರುತ್ತೆ. ತಪ್ಪಾದರೆ: ಮತ್ತೆ ಉಜ್ಜೋದು. ಕಷ್ಟ: ಏನಿಲ್ಲ.

ಇಷ್ಟು ಬರೆದವನಿಗೆ ಅಂಕ ಎಲ್ಲಿಂದ ತರುವುದು? ಮೂವತ್ತೊಂದು ಬಂತು, ಮೂರನೇ ದರ್ಜೆ. ಮೂರನೇ ದರ್ಜೆಯ ಕೆಲಸಗಳನ್ನು ಮುಂದೆ ಗುತ್ತಿಗೆಗೆ ಕೊಡಬಹುದು, ಈಗ ಮಾಡುತ್ತಿರುವವರನ್ನು ಬೇರೆಡೆಗೆ ಹಾಕಿ ಅವರ ಮೂಲವೇತನವನ್ನು ಇದ್ದಲ್ಲೇ ನಿಲ್ಲಿಸಬಹುದು ಅಂತ ಒಪ್ಪಂದದ ಕರಡಿನಲ್ಲಿ ಒಂದು ಕಲಮಿತ್ತು. ಮೇಸ್ತ್ರಿಗೆ ನಿವೃತ್ತಿಗೆ ಇನ್ನೆರಡು ವರ್ಷ. ಕೈಗೆ ಬರುವ ಗ್ರಾಚುಯಿಟಿ ಲೆಕ್ಕ ಹಾಕುವುದೇ ಕೊನೆಯ ಸಂಬಳದ ಮೇಲೆ. ಅಂದರೆ ನನ್ನ ಮೂವತ್ತೊಂದು ಅಂಕ ಆ ಮನುಷ್ಯನ ಕೆಲಸವನ್ನೂ ಕಸಿದುಕೊಂಡು, ನಿವೃತ್ತಿಯ ಹಣವನ್ನೂ ಕೊರೆದುಬಿಡುತ್ತಿತ್ತು. ಇದು ಗೊತ್ತಿದ್ದೇ ಅಂಕಪಟ್ಟಿಯನ್ನು ಆಡಳಿತದವರೂ ಯೂನಿಯನ್ನಿನವರೂ ಇದ್ದ ವೇತನ ಸಮಿತಿಯ ಮುಂದಿಟ್ಟೆ. ಪ್ಲಾಂಟ್ ಹೆಡ್ ಸಹಿ ಹಾಕಿದರು, ಯೂನಿಯನ್ ಕಾರ್ಯದರ್ಶಿಯೂ ಹಾಕಿದರು. ಇನ್ನು ಅಂಕ ಬದಲಿಸುವಂತಿಲ್ಲ ಎಂದು ನಡಾವಳಿಯಲ್ಲಿ ಬರೆದು ನಾನೂ ಹಾಕಿದೆ.

ಮಾರನೆಯ ದಿನ ಅಸೆಂಬ್ಲಿ ಸೂಪರ್‌ವೈಸರ್ ನನ್ನ ಕೋಣೆಗೆ ನುಗ್ಗಿದರು. ಕೂರಲಿಲ್ಲ.

"ಮೇಡಂ, ತಪ್ಪು ತಿಳ್ಕೋಬೇಡಿ. ನೀವು ಯಾವತ್ತಾದ್ರೂ ಸ್ಕ್ರೇಪಿಂಗ್ ಹತ್ರ ಹೋಗಿ ಐದು ನಿಮಿಷ ನಿಂತಿದೀರಾ?"

"ಫಾರಂ ಓದಿದೀನಿ."

"ಫಾರಂ! ಮೆಷಿನ್ ಓಡೋದು ನಿಮ್ಮ ಫಾರಂ ಮೇಲಲ್ಲ ಕಣ್ರೀ, ಹಳಿ ಥರ ಇರುತ್ತಲ್ಲ, ಆ ಗೈಡ್ ಮೇಲೆ. ಗ್ರೈಂಡಿಂಗ್ ಮಾಡಿದ ಮೇಲೂ ಅದರಲ್ಲಿ ಉಬ್ಬುತಗ್ಗು ಉಳೀತವೆ. ಅದನ್ನ ಕೈಯಲ್ಲೇ ಕೆರೆದು ಕೂರಿಸಬೇಕು. ಅದು ಸರಿ ಕೂರಲಿಲ್ಲ ಅಂದ್ರೆ ನಿಮ್ಮ ಸಿಎನ್‌ಸಿ, ಕಂಪ್ಯೂಟರ್ ಎಲ್ಲಾ ತಗೊಂಡು ಹೋಗಿ ಕಪಿಲಾ ನದಿಗೆ ಹಾಕಿ."

ಸಿಟ್ಟು ಬಂತು. ಆದರೆ ಆತ ಹೇಳಿದ್ದು ನಿಜವಾಗಿತ್ತು, ನಾನು ಅಲ್ಲಿ ಐದು ನಿಮಿಷ ನಿಂತಿರಲಿಲ್ಲ. ಊಟವಾದ ಮೇಲೆ ಹೋಗಿ ಎರಡು ಗಂಟೆ ನಿಂತೆ.

ಮೇಸ್ತ್ರಿ ಮುಡುಕುತೊರೆ ಕಡೆಯವರು, ಹಣೆಯ ಮೇಲೆ ಸದಾ ವಿಭೂತಿ, ಮಾತು ಕಡಿಮೆ. ದಪ್ಪ ಉಕ್ಕಿನ ಪಟ್ಟಿಯೊಂದಕ್ಕೆ ತೆಳ್ಳಗೆ ನೀಲಿ ಬಣ್ಣ ಸವರಿ, ಅದನ್ನು ಯಂತ್ರದ ಗೈಡಿನ ಮೇಲಿಟ್ಟು ಹಿಂದೆ ಮುಂದೆ ಜಾರಿಸುತ್ತಾರೆ. ಎತ್ತಿದರೆ ಎಲ್ಲಿ ಉಬ್ಬಿದೆಯೋ ಅಲ್ಲಿ ನೀಲಿ ಹತ್ತಿರುತ್ತದೆ. ಉದ್ದ ಹಿಡಿಯ ಉಳಿಯನ್ನು ಸೊಂಟಕ್ಕೆ ಆನಿಸಿ, ಮೈಭಾರವನ್ನೆಲ್ಲ ಹಾಕಿ ನೂಕಿ, ಆ ಉಬ್ಬನ್ನು ಕೆರೆಯುತ್ತಾರೆ. ಏಳುವುದು ಚಕ್ಕೆಯೂ ಅಲ್ಲ, ಪುಡಿ. ಮತ್ತೆ ನೀಲಿ, ಮತ್ತೆ ಕೆರೆತ. ಇಡೀ ಮೈಯಲ್ಲಿ ಚುಕ್ಕೆಗಳು ಒಂದೇ ಸಮ ಹರಡುವವರೆಗೂ ಹೀಗೇ. ಜೊತೆಗೆ ಗುತ್ತಿಗೆದಾರರ ಕಡೆಯ ಹೆಂಗಸೊಬ್ಬಳಿದ್ದಳು. ನೆಲ ಗುಡಿಸಿ, ಸೀಮೆಎಣ್ಣೆಯಲ್ಲಿ ಬಿಡಿಭಾಗ ತೊಳೆಯಲಿಕ್ಕೆ ಇದ್ದವಳು. ಗೈಡಿನ ಮೇಲೆ ಬಗ್ಗಿ ಬಟ್ಟೆಯಲ್ಲಿ ಒರೆಸುತ್ತಿದ್ದಳು, ಅಲ್ಲಲ್ಲಿ ಸೀಮೆಸುಣ್ಣದಿಂದ ಗೀಟು ಹಾಕುತ್ತಿದ್ದಳು. ಒರೆಸಿದ ಜಾಗಕ್ಕೆ ಗುರುತು ಅಂದುಕೊಂಡೆ.

ನಾನೂ ಒಮ್ಮೆ ಉಳಿ ಹಿಡಿದು ನೂಕಿದೆ. ಅದು ಜಾರಿ ಹೋಗಿ ನನ್ನ ಸೊಂಟ ಹಿಡಿದುಕೊಂಡಿತು.

"ಮೇಸ್ತ್ರೀ, ಇಷ್ಟು ಕಷ್ಟದ ಕೆಲಸಕ್ಕೆ ಕಷ್ಟ ಏನಿಲ್ಲ ಅಂತ ಯಾಕ್ರೀ ಬರೆದ್ರಿ?"

"ಇನ್ನೇನ್ ಬರೀನವ್ವ? ನಾನ್ ಮಾಡೋದು ಉಜ್ಜೋದೇ ಅಲ್ವಾ."

ನಮ್ಮ ಕಡೆಯವರ ಸಂಕೋಚ ನನಗೆ ಗೊತ್ತಿಲ್ಲದ್ದಲ್ಲ. ಹೊಟ್ಟೆ ತುಂಬ ಊಟ ಹಾಕಿಯೂ "ಏನೂ ಮಾಡಕ್ಕಾಗಲಿಲ್ಲ, ಬರೀ ಅನ್ನ ಸಾರು" ಅನ್ನುವ ಜನ. ತನ್ನ ಕೆಲಸವನ್ನು ತಾನೇ ಹೊಗಳಿಕೊಳ್ಳುವುದು ನಾಚಿಕೆಗೇಡು ಎಂದು ಬೆಳೆದವರ ಕೈಗೆ, ಹೊಗಳಿಕೊಂಡಷ್ಟೂ ಅಂಕ ಕೊಡುವ ಫಾರಂ ಕೊಟ್ಟಿದ್ದೆ. ಅಯ್ಯೋ ಶಿವನೇ, ಎಂಥ ದಡ್ಡತನ ಅನ್ನಿಸಿತು. ಅವತ್ತೇ ಕೂತು ಮೇಸ್ತ್ರಿಯ ಪರವಾಗಿ ಹೊಸ ಫಾರಂ ತುಂಬಿದೆ. ಕಣ್ಣಳತೆ, ಕೈಹದ, ವರ್ಷಗಟ್ಟಲೆಯ ಅಭ್ಯಾಸ ಅಂತ ಎರಡು ಹಾಳೆ ಭರ್ತಿ. ಬರೆದು ಮುಗಿಸಿದಾಗ ನನ್ನ ಒಳ್ಳೆಯತನಕ್ಕೆ ನಾನೇ ಮರುಳಾಗಿದ್ದೆ.

ಸಹಿಯಾದ ಪಟ್ಟಿಯನ್ನು ತೆರೆಸುವುದು ಅಷ್ಟು ಸುಲಭವಾಗಿರಲಿಲ್ಲ. ಮೊದಲು ಅಡ್ಡ ಬಂದದ್ದು ಯೂನಿಯನ್ ಕಾರ್ಯದರ್ಶಿ, ಅದೂ ಮೇಸ್ತ್ರಿಯ ತಾಲ್ಲೂಕಿನವರೇ.

"ಮೇಡಂ, ಒಬ್ರುದು ತೆಗುದ್ರೆ ಎಲ್ರೂ ನಮ್ದೂ ತೆಗೀರಿ ಅಂತ ಬತ್ತರೆ. ಒಪ್ಪಂದ ಆಗ್ದೆ ಎಲ್ರ ಸಂಬ್ಳ ಏರೋದೂ ನಿಂತದೆ. ನಂಗೆ ಬಾಯಿಗೆ ಬಂದಂಗೆ ಬೈತಾವ್ರೆ. ನೀವೇ ಸಯಿ ಆಕ್ಸುದ್ರಿ, ನೀವೇ ಅರುದಾಕ್ತೀನಿ ಅಂತೀರಲ್ಲ?"

"ತಪ್ಪು ನನ್ನದು. ಹಾಗಂತ ಬರೆದುಕೊಡ್ತೀನಿ."

ಪ್ಲಾಂಟ್ ಹೆಡ್ ತಮಿಳುನಾಡಿನ ಕಡೆಯವರು, ಎಂಜಿನಿಯರ್, ಮಾತು ಅಳೆದು ಆಡುವವರು. ನನ್ನ ತಪ್ಪೊಪ್ಪಿಗೆಯ ಕಾಗದವನ್ನು ಎರಡು ಸಲ ಓದಿದರು. "ಈ ಒಂದು ಹುದ್ದೆ ಮಾತ್ರ. ಮೂರು ದಿನ ಟೈಮ್. ಕೆಲಸ ಮಾಡುವವರ ಸಹಿ ಇರಬೇಕು, ಸಮಿತಿ ಮುಂದೆ ಕೆಲಸ ಮಾಡಿ ತೋರಿಸಬೇಕು. ಆಗ ನೋಡೋಣ" ಎಂದರು. ಕಾರ್ಯದರ್ಶಿ ಮುಖ ಸಿಂಡರಿಸಿಕೊಂಡು ಒಪ್ಪಿದರು.

ಫಾರಂ ಹಿಡಿದು ಮೇಸ್ತ್ರಿಯ ಹತ್ತಿರ ಹೋಗಿ ಓದಿ ಹೇಳಿದೆ. 'ಕಣ್ಣಳತೆ' ಅನ್ನುವಲ್ಲಿಗೆ ಬಂದಾಗ ಅವರು ಕೈ ಅಡ್ಡ ತಂದರು.

"ಇದ್ಕೆ ನಾನು ಸಯಿ ಆಕಾಕಿಲ್ಲ ಮೇಡಮ್ಮೋರೆ."

"ಸಂಕೋಚ ಬಿಡಿ ಮೇಸ್ತ್ರೀ. ನಿಮ್ಮ ಕೆಲಸ ಉಳಿಯೋ ಪ್ರಶ್ನೆ."

"ಸಂಕೋಚ ಅಲ್ಲ ಕಣವ್ವ, ಸುಳ್ಳು." ಅವರು ಸುತ್ತಮುತ್ತ ನೋಡಿ ದನಿ ಇಳಿಸಿದರು. "ಸಕ್ಕರೆ ಕಾಯ್ಲೆ ಕಣ್ಣಿಗೆ ಇಳ್ದು ಮೂರ್ ವರ್ಸ ಆಯ್ತು. ಓಡಾಡಕ್ಕೆ ತೊಂದ್ರೆ ಇಲ್ಲ. ನೀಲಿ ಚುಕ್ಕೆ ಮಾತ್ರ ಒಂದ್ರೊಳಗೊಂದು ಸೇರ್ಕತದೆ. ನೋಡೋಳು ಅವ್ಳು. ಅವ್ಳು ಗೀಟ್ ಆಕ್ತಳೆ, ನಾನು ಉಜ್ತೀನಿ. ಒಂದ್ ಗೀಟ್ ಅಂದ್ರೆ ಮೆಲ್ಗೆ, ಎಲ್ಡ್ ಗೀಟ್ ಅಂದ್ರೆ ಬಿಗಿಯಾಗಿ. ನಾನು ಫಾರಂನಾಗೆ ಇದ್ದಿದ್ದೇ ಬರ್ದಿದ್ದೆ."

ಮನುಷ್ಯ ನಿಜ ಬರೆದಿದ್ದ. ನಾನು ಅದನ್ನು ವಿನಯ ಅಂತ ಓದಿ, ಅದರ ಮೇಲೆ ಎರಡು ಹಾಳೆ ಕಥೆ ಕಟ್ಟಿದ್ದೆ.

ಆ ಹೆಂಗಸನ್ನು ಕರೆದೆ. ಸೋಮನಾಥಪುರದ ಹತ್ತಿರದ ಹಳ್ಳಿಯವಳು, ಮೂವತ್ತೈದರ ಆಸುಪಾಸು. ಟಿ. ನರಸೀಪುರಕ್ಕೆ ಬಂದು ಅಲ್ಲಿಂದ ಬಸ್ಸು ಬದಲಿಸಿ ಬರುತ್ತಾಳೆ. ಕೈ ಒರೆಸಿಕೊಳ್ಳುತ್ತಲೇ ಬಂದು ನಿಂತಳು.

"ಏನಮ್ಮಾ, ಇದನ್ನ ಯಾರು ಕಲಿಸಿದ್ರು?"

"ಮೇಸ್ತ್ರಿ ಅಣ್ಣನೇ ಏಳ್ಕೊಟ್ರು ಮೇಡಂ. ಸುರುಗೆ ಅವ್ರು ತೋರ್ಸಿದ್ ನೋಡ್ತಿದ್ದೆ. ಆಮೇಲೆ ಅವ್ರಿಗಿಂತ ಮುಂಚೆ ನಂಗೇ ಕಾಣಕ್ಕೆ ಸುರುವಾಯ್ತು."

"ಇಷ್ಟು ದಿನ ಯಾರಿಗೂ ಹೇಳಲಿಲ್ವಲ್ಲ?"

"ಯಾರು ಕೇಳುದ್ರು?"

ಈಗ ನನ್ನ ಮುಂದೆ ಎರಡು ದಾರಿ. ಮೇಸ್ತ್ರಿಯನ್ನು ಪುಸಲಾಯಿಸಿ ಸಹಿ ಹಾಕಿಸಿದರೆ ಅವರ ಕೆಲಸ ಉಳಿಯುತ್ತದೆ, ಈಕೆ ಗುಡಿಸುವವಳಾಗಿಯೇ ಉಳಿಯುತ್ತಾಳೆ. ನಿಜ ಹೇಳಿದರೆ, ಕಣ್ಣು ಕಾಣದವರು ಬೇಡ ಅಂತ ಮೇಸ್ತ್ರಿಯನ್ನು ಪಕ್ಕಕ್ಕೆ ಸರಿಸಬಹುದು. ಗುತ್ತಿಗೆಯವಳಿಗೆ ಇಲ್ಲೇನು ಕೆಲಸ ಅಂತ ಈಕೆಯನ್ನೂ ಕಳಿಸಬಹುದು, ಆಗ ಇಬ್ಬರೂ ಕೆಡುತ್ತಾರೆ. ಅಂಕ ಕೊಡುವುದರ ಮೊದಲ ನಿಯಮ ಅಂತ ನಾನೇ ಎಲ್ಲರಿಗೂ ಪಾಠ ಹೇಳಿದ್ದೆ: ಅಂಕ ಕೆಲಸಕ್ಕೆ, ಕೆಲಸ ಮಾಡುವವರಿಗಲ್ಲ. ಹಾಗಾದರೆ ಕೆಲಸ ಹೇಗೆ ನಡೆಯುತ್ತಿದೆಯೋ ಹಾಗೆ ಬರೆಯುವುದೇ ಸರಿ ಅಂತ ತೀರ್ಮಾನಿಸಿದೆ. ಆ ಎರಡು ಹಾಳೆ ಹರಿದು ಹಾಕಿ ಹೊಸದು ಬರೆದೆ. ಇದು ಇಬ್ಬರ ಕೆಲಸ: ಒಬ್ಬರು ನೀಲಿ ನೋಡಿ ಎಲ್ಲಿ, ಎಷ್ಟು ಎಂದು ಗುರುತು ಹಾಕುವುದು, ಇನ್ನೊಬ್ಬರು ಆ ಗುರುತಿಗೆ ತಕ್ಕ ಬಿಗಿಯಲ್ಲಿ ಕೆರೆಯುವುದು. ಇಬ್ಬರೂ ಓದಿಸಿಕೊಂಡು ಸಹಿ ಹಾಕಿದರು. ನನಗೆ ಭಯವಾಗಿತ್ತು.

ಸಮಿತಿಯ ಮುಂದೆ ಕ್ವಾಲಿಟಿ ವಿಭಾಗದವರು ಒಂದೇ ಅಳತೆಯ ಎರಡು ತುಂಡುಗಳನ್ನು ತಂದಿಟ್ಟರು. ಎರಡರ ಮೇಲೂ ನೀಲಿ ಚುಕ್ಕೆಗಳು ಒತ್ತಾಗಿ ಹರಡಿದ್ದವು. ಯಾವುದು ಸರಿ ಅಂತ ಪ್ಲಾಂಟ್ ಹೆಡ್ ಕೇಳಿದರು. ಕಾರ್ಯದರ್ಶಿ ನೋಡಿ ಎರಡೂ ಒಂದೇ ಅಂದರು. ನನಗಂತೂ ಎರಡೂ ದೋಸೆಯ ತೂತಿನ ಹಾಗೆ ಕಂಡವು.

ಆಕೆ ತಲೆ ತಗ್ಗಿಸಿ, ಬೆಳಕು ಬರುವ ಕಡೆಗೆ ಓರೆಯಾಗಿ ನಿಂತು ನೋಡಿದಳು. "ಇದು ಸುಳ್ಳು ನೀಲಿ ಸಾ. ಬಣ್ಣ ಜಾಸ್ತಿ ಬಳುದ್ಬುಟ್ಟವ್ರೆ, ತಗ್ಗಲ್ಲೂ ಅಂಟದೆ. ಇನ್ನೊಂದ್ರಲ್ ನೋಡಿ, ಚುಕ್ಕೆ ನಡುವೆ ಪಳಪಳ ಒಳೀತದಲ್ಲ, ಸುತ್ತ ನೀಲಿ? ಅದು ನಿಜವಾಗ್ಲೂ ಉಬ್ಬಿರೋದು. ಇಲ್ಲಿ ಮೂರ್ ಕಡೆ ತೆಗುದ್ರೆ ಕೂತ್ಕತದೆ." ಸೀಮೆಸುಣ್ಣದಲ್ಲಿ ಮೂರು ಕಡೆ ಗೀಟು ಹಾಕಿದಳು. ಮೇಸ್ತ್ರಿ ಉಳಿ ಸೊಂಟಕ್ಕಿಟ್ಟು ನೂಕಿದರು. ಮತ್ತೆ ನೀಲಿ ಹಚ್ಚಿ ಎತ್ತಿದಾಗ ಕ್ವಾಲಿಟಿಯವರು ಭೂತಗನ್ನಡಿ ಹಿಡಿದು ಚುಕ್ಕೆ ಎಣಿಸಿ ತಲೆಯಾಡಿಸಿದರು.

ಅಂಕ ಎಂಬತ್ತರ ಮೇಲೆ ಹೋಯಿತು. ಪ್ಲಾಂಟ್ ಹೆಡ್ ಮೇಸ್ತ್ರಿಯ ಕಣ್ಣಿನ ವಿಚಾರ ಕೇಳಲಿಲ್ಲ. ಅವರಿಗೆ ಗೊತ್ತಾಗಲಿಲ್ಲ ಅಂತ ನಾನು ನಂಬುವುದಿಲ್ಲ. "ಸ್ಕ್ರೇಪಿಂಗ್ ಮೊದಲನೇ ದರ್ಜೆ. ಮೇಸ್ತ್ರಿ ಅಲ್ಲೇ ಇರಲಿ. ಆ ಹೆಂಗಸು ಗುತ್ತಿಗೆದಾರರ ಕಡೆಯವಳು, ಈ ಒಪ್ಪಂದದೊಳಗೆ ಬರೋದಿಲ್ಲ" ಎಂದರು. ನಾನು ಕಾರ್ಯದರ್ಶಿಯ ಮುಖ ನೋಡಿದೆ. ಅವರು, "ನಮ್ಮ ಮೆಂಬರ್ ಅಲ್ವಲ್ಲ ಮೇಡಂ" ಅಂದು ಪೆನ್ನು ತೆಗೆದರು. ಇದೆಲ್ಲ ಆಕೆ ಅಲ್ಲೇ ನಿಂತಿರುವಾಗಲೇ ನಡೆಯಿತು. ನಾನು ಎರಡು ಮಾತು ವಾದ ಮಾಡಿದೆ, ಆಮೇಲೆ ಸುಮ್ಮನಾದೆ. ಇವತ್ತಿಗೂ ಆ ಸುಮ್ಮನಾದದ್ದಕ್ಕೆ ನಾಚಿಕೆಯಿದೆ.

ಒಪ್ಪಂದಕ್ಕೆ ಸಹಿಯಾಯಿತು. ಎಲ್ಲರೂ ಸಿಹಿ ಹಂಚಿಕೊಂಡರು.

ಸೋಮವಾರದಿಂದ ಆಕೆ ಗುಡಿಸತೊಡಗಿದಳು. ಅಚ್ಚುಕಟ್ಟಾಗಿ, ಮೂಲೆಮೂಲೆಯನ್ನೂ ಬಿಡದೆ. ಬಿಡಿಭಾಗ ತೊಳೆದಳು. ನೀಲಿಯ ಕಡೆ ತಿರುಗಿಯೂ ನೋಡಲಿಲ್ಲ. ಮೇಸ್ತ್ರಿ ಒಬ್ಬರೇ ಮೂರು ದಿನ ಒಂದು ಯಂತ್ರದ ಮೇಲೆ ಬಗ್ಗಿಕೊಂಡಿದ್ದರು. ಕ್ವಾಲಿಟಿಯವರು ಅದನ್ನು ವಾಪಸು ಕಳಿಸಿದರು. ಮತ್ತೆ ಉಜ್ಜಿದರು, ಮತ್ತೆ ವಾಪಸು. ಹಿಂದೆ ಇನ್ನೆರಡು ಯಂತ್ರ ಬಂದು ನಿಂತವು.

"ಕರೀಬಾರದಾ ಅವಳನ್ನ?" ಎಂದು ಮೇಸ್ತ್ರಿಯನ್ನು ಕೇಳಿದೆ.

"ಯಾವ ಮುಖ ಇಟ್ಕಂಡು ಕರೀಲವ್ವ? ಎಂಗೋ ನಂದು ಮೊದಲ್ನೇ ದರ್ಜೆ ಆಗೋಯ್ತಲ್ಲ." ಮತ್ತೆ ಉಳಿ ಎತ್ತಿಕೊಂಡರು.

ಗುತ್ತಿಗೆದಾರರು ಕಾರಿನಲ್ಲಿ ಬಂದು ಆಕೆಯನ್ನು ಗದರಿಸಿದರು. ನಾನು ಪಕ್ಕದಲ್ಲೇ ಇದ್ದೆ.

"ಯಾಕ್ ಬೈತೀರಿ ಸಾ? ನಾನು ರಜಾ ಆಕಿದೀನಾ? ಗುಡ್ಸಿಲ್ವಾ? ಎಲ್ಲಾದ್ರೂ ಕಸ ಕಾಣ್ತದಾ ತೋರ್ಸಿ, ಈಗ್ಲೇ ತೆಗೀತೀನಿ."

ಅವರು ಕಸ ಹುಡುಕಿದರು. ನಿಜವಾಗಿಯೂ ಹುಡುಕಿದರು. ಸಿಗದೆ ಹೊರಟುಹೋದರು.

ಮರುದಿನ ಪ್ಲಾಂಟ್ ಹೆಡ್ ನನ್ನನ್ನು ಕರೆಸಿದರು. ಕೊಯಮತ್ತೂರಿನ ಗಿರಾಕಿಯೊಬ್ಬರು ಯಂತ್ರ ಎಲ್ಲಿ ಎಂದು ಫೋನಿನ ಮೇಲೆ ಫೋನು ಮಾಡುತ್ತಿದ್ದರು.

"ಅವಳಿಗೆ ಹೇಳಿ."

"ಏನಂತ ಹೇಳಲಿ ಸರ್? ಗುಡಿಸೋ ಕೆಲಸ ಚೆನ್ನಾಗಿ ಮಾಡ್ತಿದಾಳೆ. ಅವಳಿಂದ ನಾವು ದುಡ್ಡು ಕೊಟ್ಟು ಕೊಂಡಿರೋದು ಅಷ್ಟೇ."

ಅವರು ಗಿರಾಕಿಯ ಆರ್ಡರಿನ ಕಾಗದ ಎಳೆದುಕೊಂಡು ತಾರೀಕು ನೋಡಿದರು. ಹೊಸ ಹುದ್ದೆ ಬೇಡ ಅಂತ ಕೇಂದ್ರ ಕಚೇರಿಯವರು ಹೇಳಿದ್ದರು, ಅದು ನನಗೂ ಗೊತ್ತಿತ್ತು. ಕೊನೆಗೆ, "ನೇರವಾಗಿ ನಮ್ಮ ಖಾಯಂ ನೌಕರರ ರೋಲಿಗೆ ತಗೊಳ್ಳಿ. ಸ್ಕ್ರೇಪಿಂಗ್ ಪರೀಕ್ಷಕಿ. ದರ್ಜೆ ಮೊದಲನೇದೇ, ಆ ದರ್ಜೆಯೊಳಗೆ ಸಂಬಳ ಎಲ್ಲಿಂದ ಶುರು ಅನ್ನೋದನ್ನ ನಿಮ್ಮ ಪದ್ಧತಿ ಪ್ರಕಾರ ನೀವೇ ನಿಗದಿ ಮಾಡಿ" ಎಂದರು. ಹೇಳಿದ್ದನ್ನು ಬರೆದುಕೊಡಿ ಅಂದೆ. ಬರೆದುಕೊಟ್ಟರು.

ಆಕೆ ನನ್ನ ಕೋಣೆಗೆ ಬಂದು ಕುರ್ಚಿಯ ತುದಿಯಲ್ಲಿ ಕೂತಳು. ನೇಮಕಾತಿ ಅರ್ಜಿಯನ್ನು ನಾನೇ ತುಂಬತೊಡಗಿದೆ. ಹೆಸರು, ಊರು. ವಿದ್ಯಾಭ್ಯಾಸ ಅಂದಾಗ "ಎಸ್ಸೆಸ್ಸೆಲ್ಸಿ ಫೇಲು, ಅಂಗೇ ಬರ್ಕೊಳಿ" ಎಂದಳು. ಮುಂದಿನ ಸಾಲು ಹಿಂದಿನ ಸಂಬಳದ್ದು. ನಮ್ಮಲ್ಲಷ್ಟೇ ಅಲ್ಲ, ನಾನು ನೋಡಿದ ಎಲ್ಲ ಕಾರ್ಖಾನೆಯಲ್ಲೂ ಪದ್ಧತಿ ಒಂದೇ: ಹಿಂದೆ ಎಷ್ಟಿತ್ತು ಅಂತ ಕೇಳಿ, ಅದಕ್ಕೊಂದಿಷ್ಟು ಸೇರಿಸಿ ಹೊಸದನ್ನು ನಿಗದಿ ಮಾಡುವುದು. ಕಡಿಮೆ ಪಡೆಯುತ್ತಿದ್ದವರು ಎಲ್ಲಿ ಹೋದರೂ ಕಡಿಮೆಯಿಂದಲೇ ಶುರು. ಎಷ್ಟೋ ಜನಕ್ಕೆ ಹಾಗೆ ಮಾಡಿದ್ದೇನೆ, ಕೈ ಅದಕ್ಕೆ ಒಗ್ಗಿಹೋಗಿದೆ.

"ಹಿಂದಿನ ಸಂಬಳ ಎಷ್ಟಮ್ಮ?"

ಗುತ್ತಿಗೆದಾರರು ಕೊಡುತ್ತಿದ್ದುದನ್ನು ಹೇಳಿದಳು. ನಾನು ಪೆನ್ನು ಊರುವಷ್ಟರಲ್ಲಿ, "ವಸಿ ತಡೀರಿ ಮೇಡಂ" ಎಂದಳು.

"ಅದು ಗುಡ್ಸಿದ್ದಕ್ಕೆ ಕೊಟ್ಟಿದ್ದು. ನೀಲಿ ನೋಡಿದ್ದಕ್ಕೆ ಇಲ್ಲಿಗಂಟ ಯಾರೂ ಏನೂ ಕೊಟ್ಟಿಲ್ಲ. ಈಗ ನೀವು ಯಾವ ಕೆಲ್ಸದ್ದು ಕೇಳ್ತಾ ಇದೀರಿ?"

ಆ ಕಾಲಮ್ಮನ್ನು ಖಾಲಿ ಬಿಟ್ಟೆ. ಅದರ ಕೆಳಗೆ, ಹೊಸ ಸಂಬಳದ ಸಾಲಿನಲ್ಲಿ, ಮೇಸ್ತ್ರಿಗೆ ನಿಗದಿಯಾಗಿದ್ದ ಮೂಲವೇತನವನ್ನೇ ಬರೆದು, ಹಾಳೆಯನ್ನು ಆಕೆಯ ಕಡೆ ತಿರುಗಿಸಿದೆ.